ಹೊಟ್ಟಿನ ಲೋಟಕ್ಕೆ ಹೆಸರೆಲ್ಲಿ ಹಾಕಿಸೋದು?

ಮೊಮ್ಮಗಳ ಪರೀಕ್ಷೆಯನ್ನು ನಾನು ಬೇಯಿಸಿಬಿಟ್ಟೆ.

ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಪಾತ್ರೆಯಲ್ಲಿಟ್ಟು, ನೀರು ಹೊಯ್ದು, ಬಚ್ಚಲೊಲೆಯ ಕೆಂಡದ ಮೇಲೆ ಕೂರಿಸಿ, ತಟ್ಟೆ ಮುಚ್ಚಿ ಬೇಯಿಸಿದೆ. ಬೆಳಿಗ್ಗೆ ತಟ್ಟೆ ತೆಗೆದರೆ ಪರೀಕ್ಷೆ ಇರಲಿಲ್ಲ. ಗಂಜಿ ಇತ್ತು.

ನಡುವೆ ಕೆಲವು ವಾರ ಅಜ್ಜಿ ಯಾಕೆ ಬರೆಯಲಿಲ್ಲ ಅಂತ ಕೇಳಿದಿರಲ್ಲ ಮಕ್ಕಳೇ, ಕಾರಣ ಇದೇ. ನನ್ನ ಮೊಮ್ಮಕ್ಕಳಿಗೆ ಅಂತ ಬರೆಯುವುದನ್ನು ಬೇರೆಯವರ ಮೊಮ್ಮಕ್ಕಳೂ ಓದುತ್ತಾರೆ ಅಂತ ಗೊತ್ತಾದಾಗಿನಿಂದ, ಪೆನ್ನು ಹಿಡಿಯುವ ಮುಂಚೆ ನಾನು ಸೆರಗು ಸರಿ ಮಾಡಿಕೊಳ್ಳುತ್ತೇನೆ. (ಯಾರೂ ನೋಡುತ್ತಿರುವುದಿಲ್ಲ. ಆದರೂ.) ಅಂಥ ನನಗೆ ಈ ವಿಷಯ ಬರೆಯುವುದೋ ಬೇಡವೋ ಅಂತ ತೀರ್ಮಾನ ಮಾಡುವುದಕ್ಕೇ ಇಷ್ಟು ದಿನ ಬೇಕಾಯಿತು.

ಸಿಂಚನ ನನ್ನ ಮಗನ ಮಗಳು. ಮಂಗಳೂರು ಕಡೆ ಒಂದು ಡಿಸೈನ್ ಕಾಲೇಜಲ್ಲಿ ಓದುತ್ತಾಳೆ. ಡಿಸೈನ್ ಅಂದರೆ ನಾನು ಸೀರೆ ಅಂಚು ಅಂದುಕೊಂಡಿದ್ದೆ. ಅಲ್ಲವಂತೆ. ಬಾಚಣಿಗೆ, ಬಕೆಟ್, ಛತ್ರಿ, ಸೌಟು, ನಾವು ದಿನಾ ಮುಟ್ಟುವ ಒಂದೊಂದು ಸಾಮಾನನ್ನೂ ಯಾರೋ ಒಬ್ಬರು ಕೂತು ಯೋಚನೆ ಮಾಡಿ ಮಾಡಿರುತ್ತಾರಂತೆ. ಈಗ ಅದೇ ಸಾಮಾನುಗಳನ್ನು ಭೂಮಿಗೆ ಭಾರವಾಗದ ಹಾಗೆ ಮತ್ತೆ ಮೊದಲಿಂದ ಯೋಚನೆ ಮಾಡಬೇಕಂತೆ. ಅದಕ್ಕೆ ಪರಿಸರಸ್ನೇಹಿ ಅಂತ ಹೆಸರು.

ಒಳ್ಳೆಯ ಕೆಲಸವೇ. ನನಗೇನೂ ತಕರಾರಿಲ್ಲ. ತಕರಾರು ಇರುವುದು ಅವಳ ಅಪ್ಪನಿಗೆ.

ನನ್ನ ಮಗ ರುದ್ರೇಶನಿಗೆ ಆಲ್ದೂರಿನಲ್ಲಿ ಅಂಗಡಿ ಇದೆ. ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್ಟು, ಮಗ್ಗು, ಟಾರ್ಪಾಲು, ಕಾಫಿ ಸಸಿ ಬೆಳೆಸುವ ಕಪ್ಪು ಕವರು. ಬಣ್ಣಬಣ್ಣದ ಕೊಡಗಳನ್ನು ಹಗ್ಗಕ್ಕೆ ಪೋಣಿಸಿ ಬಾಗಿಲ ಮುಂದೆ ತೋರಣದ ಹಾಗೆ ಕಟ್ಟಿರುತ್ತಾನೆ. ಮಗಳ ಫೀಸು ಬರುವುದು ಆ ಕೊಡಗಳಿಂದ. ಮಗಳು ಕಲಿಯುವುದು ಆ ಕೊಡಗಳು ಲೋಕದಲ್ಲಿ ಇಲ್ಲದ ಹಾಗೆ ಮಾಡುವುದು ಹೇಗೆ ಅಂತ.

ನನ್ನ ತಲೆ ಕೆಡಲು ಶುರುವಾಗಿದ್ದೇ ಇಲ್ಲಿಂದ.

ರಜಕ್ಕೆ ಬಂದಾಗ ಊಟದ ಹೊತ್ತಿಗೆ ಇಬ್ಬರಿಗೂ ಹತ್ತಿಕೊಳ್ಳುತ್ತದೆ.

"ಅಪ್ಪ, ನಿಮ್ಮ ಒಂದು ಕೊಡ ಮಣ್ಣಾಗೋಕೆ ಎಷ್ಟು ಕಾಲ ಬೇಕು ಗೊತ್ತಾ?"

"ನನ್ನ ಕೊಡ ಮಣ್ಣಾಗಲ್ಲ ಕಣೆ. ಗ್ಯಾರಂಟಿ ಕೊಟ್ಟೇ ಮಾರೋದು."

ಇದಕ್ಕೆ ಏನು ಹೇಳುತ್ತೀರಿ? ನಾನು ಇಬ್ಬರಿಗೂ ಸಾರು ಬಡಿಸುತ್ತೇನೆ. ಸೊಸೆ ಗಿರಿಜ "ತಟ್ಟೆ ಸ್ಟೀಲಿಂದು, ಇಬ್ರೂ ಸುಮ್ನೆ ಉಣ್ಣಿ" ಅನ್ನುತ್ತಾಳೆ.

ಆದರೆ ಈ ಸಲದ್ದು ತಮಾಷೆಯಾಗಿರಲಿಲ್ಲ. ಕಾಲೇಜಿನಲ್ಲಿ ವರ್ಷದ ಕೊನೆಗೆ ಜ್ಯೂರಿ ಅಂತ ಒಂದು ಇರುತ್ತದೆ. ತಾವು ಮಾಡಿದ್ದನ್ನು ಹೊರಗಿನಿಂದ ಬಂದ ದೊಡ್ಡವರ ಮುಂದೆ ಇಟ್ಟು ನಿಲ್ಲಬೇಕು. ಹೋದ ವರ್ಷ ಸಿಂಚನಳಿಗೆ "ಐಡಿಯಾ ಇದೆ, ವಸ್ತು ಇಲ್ಲ" ಅಂತ ಹೇಳಿ ನಿಲ್ಲಿಸಿಬಿಟ್ಟಿದ್ದರು. ಅವಳು ಹಾಳೆ ಮೇಲೆ ಬರೆದಿದ್ದಳೇ ಹೊರತು ಕೈಯಲ್ಲಿ ಹಿಡಿಯುವಂಥದ್ದು ಏನೂ ಮಾಡಿರಲಿಲ್ಲ. ಅವತ್ತು ರುದ್ರೇಶ ಜೋರಾಗಿ ಏನೂ ಅನ್ನಲಿಲ್ಲ. ಮೆತ್ತಗೆ ಅಂದ. ಅದು ಇನ್ನೂ ಕಷ್ಟ.

"ಇನ್ನೊಂದ್ಸಲ ನೋಡು ಮಗ. ಆಗ್ಲಿಲ್ಲ ಅಂದ್ರೆ ಬಂದು ಗಲ್ಲಾದ ಮೇಲೆ ಕೂತ್ಕೋ. ಕೊಡ ಮಾರೋದಕ್ಕೆ ಜ್ಯೂರಿ ಬೇಡ."

ಆ ಇನ್ನೊಂದು ಸಲ ಬಂದಿದ್ದು ಈ ಬೇಸಿಗೆಯ ಶುರುವಿನಲ್ಲಿ. ಕಾಲೇಜಿನವರು ಪ್ರದರ್ಶನವನ್ನು ಚಿಕ್ಕಮಗಳೂರಿನಲ್ಲೇ ಇಟ್ಟಿದ್ದರು. ಕಾಫಿ ಸೀಮೆಯಲ್ಲಿ ಬಿಸಾಡುವ ವಸ್ತುವಿನಿಂದ ದಿನಬಳಕೆಯ ಸಾಮಾನು ಮಾಡಿಕೊಂಡು ಬನ್ನಿ ಅಂದಿದ್ದರು.

ಸಿಂಚನ ಮನೆಗೆ ಬಂದು ಕೂತು ಲೋಟ ಮಾಡಿದಳು.

ಕಾಫಿ ಬೀಜದ ಮೇಲೆ ಒಂದು ತೆಳು ಗಟ್ಟಿ ಸಿಪ್ಪೆ ಇರುತ್ತದೆ ನೋಡಿ, ಪಾರ್ಚ್‌ಮೆಂಟು. ಮಿಲ್ಲಿನಲ್ಲಿ ಅದನ್ನು ಬಿಡಿಸಿದಾಗ ಹೊಟ್ಟು ಹಾರಿ ಹಾರಿ ಗುಡ್ಡೆ ಬೀಳುತ್ತದೆ. ಅದನ್ನು ಚೀಲದಲ್ಲಿ ತಂದಳು. ಪುಡಿ ಮಾಡಿದಳು. ಮರಗೆಣಸಿನ ಹಿಟ್ಟಿನ ಗಂಜಿಯಲ್ಲಿ ಕಲಸಿ, ಅಚ್ಚಿಗೆ ಒತ್ತಿ, ಮಹಡಿ ಮೇಲೆ ಒಣಗಿಸಿದಳು. ಮೊದಲನೆಯದು ಬಿರಿಯಿತು. ಆಮೇಲಿನವೂ ಬಿರಿದವು. ಒಂದು ಸೊಟ್ಟಗಾಯಿತು. ಒಂದನ್ನು ಅಳಿಲು ಎಳೆದುಕೊಂಡು ಹೋಯಿತು.

ಅದರ ಮೇಲೆ ಮೋಡ. ಹೂಮಳೆಯ ಮೋಡ. ಮಾರ್ಚಿ ಕಳೆಯುವುದರೊಳಗೆ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಹೂವಾಗುತ್ತದೆ, ಬೀಳದಿದ್ದರೆ ಇಡೀ ವರ್ಷದ ಫಸಲು ಹೋದ ಹಾಗೆ. ಊರಿಗೆ ಊರೇ ಆಕಾಶ ನೋಡಿ ಕೈ ಮುಗಿಯುತ್ತಿತ್ತು. ನಮ್ಮ ಮಹಡಿ ಮೇಲೆ ಒಬ್ಬಳು ಮಾತ್ರ ಬಿಸಿಲಿಗೆ ಹರಕೆ ಹೊತ್ತಿದ್ದಳು. ದೇವರು ಯಾರ ಮಾತು ಕೇಳಬೇಕು?

ಕೊನೆಗೆ ಒಂದೇ ಒಂದು ಲೋಟ ನಿಂತಿತು. ಒಳಗೆ ಜೇನುಮೇಣ ಸವರಿ ನನ್ನ ಕೈಗೆ ಕೊಟ್ಟಳು. ಸುಟ್ಟ ಮಣ್ಣಿನ ಬಣ್ಣ. ಹಪ್ಪಳದಷ್ಟು ಹಗುರ. ಮೂಗಿಗೆ ಹಿಡಿದರೆ ಕಾಫಿ ಒಣಗಿಸುವ ಕಣದ ವಾಸನೆ.

"ಕಾಫಿ ಸಿಪ್ಪೇಲೇ ಕಾಫಿ ಕುಡಿಯೋದು ಅಜ್ಜಿ. ಕುಡಿದಾದ್ಮೇಲೆ ಗಿಡದ ಬುಡಕ್ಕೆ ಹಾಕೋದು. ಗಿಡದ್ದು ಗಿಡಕ್ಕೆ ಹೋಯ್ತು."

ಚಂದದ ಮಾತು. ಆದರೆ ನನ್ನ ಬಾಯಿಗೆ ಬಂದಿದ್ದು ಬೇರೆ. "ಹೆಸರೆಲ್ಲಿ ಹಾಕ್ಸೋದು?" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ನಿಮಗೂ ಆಗಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಪಾತ್ರೆ ಕೊಂಡರೆ ಅಂಗಡಿಯವನೇ ಕೇಳುತ್ತಿದ್ದ, ಹೆಸರು ಏನಂತ ಹಾಕ್ಲಿ ಅಂತ. ಒಂದು ಪುಟ್ಟ ಮಿಷನ್ನಿನಲ್ಲಿ ಕಿರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಿದ್ದ. ಮದುವೆ ಮನೆಯಲ್ಲಿ ಪಾತ್ರೆ ಬೆರೆತು ಹೋದರೆ ಹೆಸರು ನೋಡಿ ಆರಿಸಿಕೊಳ್ಳಬೇಕಲ್ಲ. ನಮ್ಮ ಅಡುಗೆಮನೆಯಲ್ಲಿ ನಿಮ್ಮ ಮುತ್ತಜ್ಜನ ಹೆಸರಿನ ಕೊಳಗ ಇದೆ, ನಮ್ಮ ಭಾವನವರ ಹೆಸರಿನ ಪರಾತ ಇದೆ, ನಿಮ್ಮ ಅಜ್ಜನ ಹೆಸರಿನ ಸ್ಟೀಲ್ ಲೋಟ ಇದೆ. ಅಜ್ಜ ಹೋದ ಮೇಲೆ ಆ ಲೋಟದಲ್ಲಿ ನಾನು ಕಾಫಿ ಕುಡಿಯುತ್ತೇನೆ. ಬಸ್ಸಿನಲ್ಲಿ ಹೋದರೂ ಚೀಲದಲ್ಲಿ ಅದು ಇರುತ್ತದೆ. ತಳ ಸ್ವಲ್ಪ ನೆಗ್ಗಿದೆ, ಅಷ್ಟೆ. ಹೆಸರು ಹಾಗೇ ಇದೆ.

"ಹೆಸರು ಬೇಡ ಅಜ್ಜಿ, ಇದು ಉಳಿಯೋ ವಸ್ತು ಅಲ್ಲ" ಅಂದಳು.

ಉಳಿಯದ್ದನ್ನು ಇಷ್ಟು ಕಷ್ಟಪಟ್ಟು ಮಾಡುವುದು ಯಾಕೆ? ಕೇಳಲಿಲ್ಲ. ನನಗೆ ಬಾಯಿಗೆ ಬಂದ ಪ್ರಶ್ನೆ ದಿನಕ್ಕೆ ಒಂದು ಸಾಕು.

ಪ್ರದರ್ಶನದ ಹಿಂದಿನ ದಿನ ಸಂಜೆ, ಲೋಟ ನನ್ನ ಕೋಣೆಯಲ್ಲಿರಲಿ ಅಂತ ಕೊಟ್ಟು ಸಿಂಚನ ಚಾರ್ಟು ಪ್ರಿಂಟು ಹಾಕಿಸಲು ಅಂಗಡಿ ಬೀದಿಗೆ ಹೋದಳು. "ಅಮ್ಮ ಗುಡಿಸುವಾಗ ತಾಗಿಸಿಬಿಡ್ತಾರೆ, ನೀವು ನೋಡ್ಕೊಳ್ಳಿ" ಅಂದಳು.

ನೋಡಿಕೊಂಡೆ. ನೋಡುತ್ತಾ ನೋಡುತ್ತಾ ಚಿಂತೆ ಹತ್ತಿತು.

ನಾಳೆ ದೊಡ್ಡವರು ಬರುತ್ತಾರೆ. ಕಾಫಿ ಲೋಟ ಅಂದ ಮೇಲೆ ಕಾಫಿ ಹೊಯ್ದು ನೋಡದೇ ಇರುತ್ತಾರಾ? ಹೊಸ ಪಾತ್ರೆ. ಪಳಗಿಸಿಲ್ಲ. ಹೊಸ ಮಣ್ಣಿನ ಗಡಿಗೆಗೆ ಪಳಗಿಸದೆ ಬಿಸಿ ಹೊಯ್ದರೆ ಟಪ್ ಅಂತ ಸೀಳುತ್ತದೆ ಅನ್ನುವುದು ಒಲೆ ಮುಂದೆ ಕೂತ ಯಾವ ಹೆಂಗಸಿಗೂ ಗೊತ್ತು. ಅಷ್ಟು ಜನರ ಮುಂದೆ ಮೊಮ್ಮಗಳ ಕೈಯಲ್ಲಿ ಲೋಟ ಸೀಳಿದರೆ? ಅವಳು ಗಲ್ಲಾದ ಮೇಲೆ ಕೂರುವುದೇ ಸೈ.

ಮಕ್ಕಳೇ, ಪಳಗಿಸುವುದು ಅಂದರೆ ಹೀಗೆ. ಹೊಸ ಪಾತ್ರೆಗೆ ಮೊದಲು ವಿಭೂತಿಯ ಮೂರು ಗೆರೆ ಎಳೆಯಬೇಕು. ಬರಿದಾಗಿ ಇಡಬಾರದು ಅಂತ ಒಂದು ಚಿಟಿಕೆ ಅಕ್ಕಿ ಹಾಕಬೇಕು. ಅಕ್ಕಿ ತೊಳೆದ ನೀರಿನಲ್ಲಿ ಮುಳುಗಿಸಿ, ಸಣ್ಣ ಕೆಂಡದ ಮೇಲೆ ರಾತ್ರಿ ಇಡೀ ಬಿಡಬೇಕು. ಗಂಜಿ ರಂಧ್ರದೊಳಗೆ ಇಳಿದು ಪಾತ್ರೆ ಗಟ್ಟಿಯಾಗುತ್ತದೆ. ಬಚ್ಚಲೊಲೆಯಲ್ಲಿ ಸ್ನಾನದ ನೀರು ಕಾಯಿಸಿ ಮುಗಿದು, ಕೆಂಡಕ್ಕೆ ಬೂದಿ ಮುಸುಕಿತ್ತು. ಹೇಳಿ ಮಾಡಿಸಿದ ಹಾಗೆ.

ಸಿಂಚನ ವಾಪಸು ಬಂದಾಗ ಹೇಳಬಹುದಿತ್ತು. ಹೇಳಲಿಲ್ಲ. ಬೆಳಿಗ್ಗೆ ಗಟ್ಟಿ ಲೋಟ ಕೈಗೆ ಕೊಡೋಣ ಅನ್ನುವ ಆಸೆ.

ಬೆಳಿಗ್ಗೆ ಒಲೆ ಹಚ್ಚಲು ಹೋದ ಗಿರಿಜಳ ದನಿ ಬಚ್ಚಲಿನಿಂದ ಬಂತು.

"ಅತ್ತೆ, ಹುರುಳಿ ಬೇಯಿಸಿದ್ದೀರಾ? ಹಸು ಮಾರಿ ಯಾವ ಕಾಲ ಆಯ್ತು."

ಹೋಗಿ ನೋಡಿದೆ. ಪಾತ್ರೆಯ ತುಂಬ ಕಂದು ಗಂಜಿ. ಮೇಲೆ ಜೇನುಮೇಣ ತುಪ್ಪದ ಹಾಗೆ ತೇಲಿ ಹೆಪ್ಪುಗಟ್ಟಿತ್ತು. ಲೋಟದ ತಳದ ಒಂದು ತುಂಡು ಮಾತ್ರ ದುಂಡಗೆ ಉಳಿದಿತ್ತು. ಬೆರಳು ತಾಗಿಸಿದೆ. ಅದೂ ಹೋಯಿತು.

ಸಿಂಚನಳನ್ನು ನಾನೇ ಎಬ್ಬಿಸಿ ಹೇಳಿದೆ. ಅವಳು ಬಂದು ಪಾತ್ರೆಯೊಳಗೆ ಬಹಳ ಹೊತ್ತು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಬಿಸಿ ಇತ್ತು ಅಜ್ಜಿ?"

"ಕೆಂಡ ಆರಿತ್ತು ಮಗ. ಬೆಚ್ಚಗೆ ಅಷ್ಟೆ."

"ಅಷ್ಟಕ್ಕೇ ಹೋಯ್ತಾ" ಅಂದಳು. ನನಗಲ್ಲ, ಗಂಜಿಗೆ.

ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ರುದ್ರೇಶ ಬಂದ. ಪಾತ್ರೆ ನೋಡಿದ, ಮಗಳನ್ನು ನೋಡಿದ, ನನ್ನನ್ನು ನೋಡಿದ. ಹೋಗಿ ಉಗುಳಿ ಬಂದು ಕೇಳಿದ. "ಗಲ್ಲಾ ಒರೆಸಿ ಇಡ್ಲಾ?"

ಮಗನೇ ಆದರೂ ಆ ಕ್ಷಣಕ್ಕೆ ಅವನ ಮೇಲೆ ನನಗೆ ಕೋಪ ಬಂತು. ಕೋಪ ಮಾಡಿಕೊಳ್ಳಲು ನನಗೇನು ಹಕ್ಕಿತ್ತು? ಅವನ ಮಾತು ನಿಜವಾಗುವ ಹಾಗೆ ಮಾಡಿದ್ದು ನಾನೇ ತಾನೆ.

ಸಿಂಚನ ಅಡುಗೆಮನೆಗೆ ಹೋದಳು. ಬುತ್ತಿ ಒಯ್ಯುವ ಸ್ಟೀಲ್ ಡಬ್ಬಿ ತಂದಳು. ಸೌಟಿನಲ್ಲಿ ಆ ಗಂಜಿಯನ್ನು ಬಗ್ಗಿಸಿ ತುಂಬಿದಳು, ಮುಚ್ಚಳ ಒತ್ತಿದಳು.

"ಅಜ್ಜಿ, ಸೀರೆ ಬದಲಾಯಿಸಿ. ನೀವೂ ಬರ್ತಿದ್ದೀರಿ."

"ನಾನ್ಯಾಕೆ ಮಾರಾಯ್ತಿ?"

"ಬೇಯಿಸಿದ್ದು ಯಾರು?"

ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆ ಮೇಲಿತ್ತು. ಪಕ್ಕದ ಸೀಟಿನಲ್ಲಿದ್ದ ಹೆಂಗಸು "ಏನಮ್ಮ, ಪಾಯಸನಾ?" ಅಂದರು. ಹೌದು ಅಂದೆ. ಬೇರೆ ಏನು ಹೇಳಲಿ? ಹಿಂದಿನ ಸೀಟಿನವರು ಆಕಾಶ ನೋಡಿಕೊಂಡು "ಇವತ್ತು ಬರ್ಲೇಬೇಕು ಮಾರಾಯ" ಅನ್ನುತ್ತಿದ್ದರು. ಸಿಂಚನ ದಾರಿ ಉದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಪ್ರದರ್ಶನ ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲಿ ದೊಡ್ಡ ಬಟ್ಟೆ ಮೇಲೆ "ದಿನಬಳಕೆಯ ವಸ್ತುಗಳು, ಹೊಸ ದಾರಿ" ಅಂತ ಬರೆದಿದ್ದರು. ಒಳಗೆ ಪ್ರತಿ ಮೇಜಿನ ಮೇಲೂ ಒಂದು ಚೀಟಿ. "ದಯವಿಟ್ಟು ಮುಟ್ಟಬೇಡಿ."

ದಿನ ಬಳಸುವ ವಸ್ತು. ಮುಟ್ಟಬಾರದು. ಬರೆದಿದ್ದು ತಪ್ಪಿರಬೇಕು ಅಂತ ಎರಡು ಸಲ ಓದಿದೆ. ತಪ್ಪಿರಲಿಲ್ಲ.

ಆದರೂ ಏನೇನು ಮಾಡಿದ್ದರು ಗೊತ್ತಾ ಆ ಹುಡುಗ ಹುಡುಗಿಯರು. ಹಳೆ ನ್ಯೂಸ್ ಪೇಪರ್ ಸುತ್ತಿ ಸುತ್ತಿ ಮಾಡಿದ ಕುರ್ಚಿ. ಬಟ್ಟೆ ಹರಿದರೆ ಬಟ್ಟೆ ಮಾತ್ರ ಬದಲಾಯಿಸಬಹುದಾದ ಛತ್ರಿ. ಕಾಫಿ ಮರದ ಕಡ್ಡಿಯಿಂದ ಬಟ್ಟೆ ಕ್ಲಿಪ್ಪು. ಒಂದು ಪೆನ್ನಿನ ತುದಿಯಲ್ಲಿ ಬೀಜ ಇಟ್ಟಿದ್ದರು, ಇಂಕು ಮುಗಿದ ಮೇಲೆ ಮಣ್ಣಿಗೆ ಚುಚ್ಚಿದರೆ ಗಿಡ ಬರುತ್ತದಂತೆ. (ನಮ್ಮ ಮನೆಯಲ್ಲಿ ಇಂಕು ಮುಗಿಯುವ ತನಕ ಯಾವ ಪೆನ್ನೂ ಉಳಿದಿದ್ದಿಲ್ಲ. ಸೋಫಾದ ಸಂದಿಯಲ್ಲಿ ಗಿಡ ಬರುತ್ತದೇನೋ.)

ಪೇಪರ್ ಕುರ್ಚಿ ನೋಡಿ ನನಗೆ ಕಾಲು ನೋವು ಜಾಸ್ತಿಯಾಯಿತು. "ಕೂತ್ಕೋಬಹುದಾ?" ಅಂತ ಆ ಮೇಜಿನ ಹುಡುಗಿಯನ್ನು ಕೇಳಿದೆ.

"ಇಲ್ಲ ಅಜ್ಜಿ. ಇದು ಕಾನ್ಸೆಪ್ಟು."

ಕಾನ್ಸೆಪ್ಟು ಅಂದರೆ ಏನು ಅಂತ ಸಿಂಚನಳನ್ನು ಕೇಳಿದೆ. ಕುರ್ಚಿ ಹೇಗಿರಬಹುದು ಅನ್ನುವ ಯೋಚನೆಯಂತೆ. ಕುರ್ಚಿಯ ಹಾಗೇ ಕಾಣುತ್ತದೆ, ಆದರೆ ಇನ್ನೂ ಕುರ್ಚಿಯಾಗಿಲ್ಲವಂತೆ.

"ಮಗ, ಹಾಗಾದ್ರೆ ನಿನ್ನ ಲೋಟ?"

"ಅದೂ ಕಾನ್ಸೆಪ್ಟೇ ಅಜ್ಜಿ."

ನೋಡಿ, ಯಾರೂ ಕಾಫಿ ಹೊಯ್ಯುತ್ತಲೇ ಇರಲಿಲ್ಲ. ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಲೋಟ ಸೀಳುವ ಭಯವೇ ಇರಲಿಲ್ಲ. ಸುಮ್ಮನೆ ನನ್ನ ಕೋಣೆಯಲ್ಲೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಇಲ್ಲಿ ಮೇಜಿನ ಮೇಲೆ ಚಂದವಾಗಿ ಕೂತಿರುತ್ತಿತ್ತು. ಬಳಸುವವರು ಇರುತ್ತಾರೆ ಅಂತ ನಂಬಿದ್ದು ನಾನೊಬ್ಬಳೇ.

ಬಾಯಿ ಒಣಗಿತು. ಮೂಲೆಯಲ್ಲಿ ಕಾಫಿ ಕೊಡುತ್ತಿದ್ದವನ ಹತ್ತಿರ ಹೋಗಿ ಚೀಲದಿಂದ ಅಜ್ಜನ ಲೋಟ ತೆಗೆದು ಹಿಡಿದೆ.

"ಆಗಲ್ಲಮ್ಮ. ಪೇಪರ್ ಕಪ್ ಎಷ್ಟು ಖರ್ಚಾಯ್ತೋ ಅಷ್ಟೇ ಲೆಕ್ಕ ನಮ್ಗೆ" ಅಂದ. ಒಂದು ಪೇಪರ್ ಕಪ್ಪಿಗೆ ಕಾಫಿ ಹಾಕಿ, ಅದನ್ನು ನನ್ನ ಲೋಟಕ್ಕೆ ಬಗ್ಗಿಸಿ, ಕಪ್ಪನ್ನು ಬುಟ್ಟಿಗೆ ಎಸೆದ. ಅವನ ತಪ್ಪೇನಿದೆ? ಎಲ್ಲರೂ ಸರಿಯಾಗಿಯೇ ಇರುತ್ತಾರೆ. ಕೊನೆಗೆ ಬುಟ್ಟಿ ತುಂಬಿರುತ್ತದೆ.

ಜ್ಯೂರಿಯವರು ನಮ್ಮ ಮೇಜಿಗೆ ಬಂದಾಗ ಮಧ್ಯಾಹ್ನ. ಇಬ್ಬರು ಇದ್ದರು. ಒಬ್ಬರು ಗಿಡ್ಡ ಬಿಳಿಕೂದಲಿನ, ಕಾಟನ್ ಸೀರೆಯ ಮೇಡಂ. ಇನ್ನೊಬ್ಬರು ಮೂಡಿಗೆರೆ ಕಡೆಯ ಎಸ್ಟೇಟ್ ಮಾಲೀಕರು. ಅವರು ಆಗಾಗ ಬಾಗಿಲ ಕಡೆ ಹೋಗಿ ಮೋಡ ನೋಡಿಕೊಂಡು ಬರುತ್ತಿದ್ದರು.

ಮೇಜಿನ ಮೇಲೆ ಬಣ್ಣದ ಚಾರ್ಟು ಇತ್ತು, ಲೋಟದ ಫೋಟೋ ಇತ್ತು. ಲೋಟ ಇರಬೇಕಾದ ಜಾಗದಲ್ಲಿ ನಮ್ಮ ಬುತ್ತಿ ಡಬ್ಬಿ. ಸಿಂಚನ ಮುಚ್ಚಳ ತೆಗೆದಳು. ವಾಸನೆ ಸ್ವಲ್ಪ ಹುಳಿ ಬಂದಿತ್ತು.

"ಇದೇನು?" ಅಂದರು ಮೇಡಂ.

"ನಿನ್ನೆ ಸಾಯಂಕಾಲದ ತನಕ ಲೋಟ ಆಗಿತ್ತು ಮೇಡಂ. ಏನಾಯ್ತು ಅಂತ ನಮ್ಮಜ್ಜಿ ಹೇಳ್ತಾರೆ."

ಶಾಲೆಯಲ್ಲಿ ಪದ್ಯ ಹೇಳು ಅಂದರೆ ಬೆಂಚಿನ ಕೆಳಗೆ ನುಗ್ಗುತ್ತಿದ್ದವಳು ನಾನು. ಮದುವೆಯಲ್ಲಿ ಗಂಡನ ಹೆಸರು ಹೇಳುವ ಶಾಸ್ತ್ರದಲ್ಲೂ ದನಿ ಹೊರಡದೆ ನಾದಿನಿ ಹೇಳಿ ಮುಗಿಸಿದ್ದರು. ಈಗ ಇಲ್ಲಿ ನಿಂತು ಅಷ್ಟು ಜನರ ಮುಂದೆ ಹೇಳಬೇಕು. ಸಿಂಚನಳ ಮುಖ ನೋಡಿದೆ. ಹೇಳದೆ ವಿಧಿಯಿರಲಿಲ್ಲ.

"ನಾನು ಬೇಯಿಸಿದೆ" ಅಂದೆ.

ಯಾರೋ ನಕ್ಕರು. ಮೇಡಂ ನಗಲಿಲ್ಲ. "ಯಾಕೆ ಬೇಯಿಸಿದ್ರಿ?"

"ಹೊಸ ಪಾತ್ರೆ ಅಲ್ವಾ. ಪಳಗಿಸದೆ ಬಿಸಿ ಹೊಯ್ದ್ರೆ ಸೀಳುತ್ತೆ ಅಂತ. ನೀವು ಕಾಫಿ ಹೊಯ್ದು ನೋಡ್ತೀರಿ ಅಂದ್ಕೊಂಡೆ."

ಮೇಡಂ ಸಿಂಚನಳ ಕಡೆ ತಿರುಗಿದರು. "ನೀನು ಹೊಯ್ದು ನೋಡಿದ್ಯಾ?"

"ಇಲ್ಲ ಮೇಡಂ. ಒಂದೇ ಇತ್ತು. ಹಾಳಾಗುತ್ತೆ ಅಂತ ಭಯ."

"ಹಾಗಾದ್ರೆ ಇದನ್ನ ಲೋಟ ಅಂತ ನಂಬಿದ ಮೊದಲನೇ ಮನುಷ್ಯ ನಿಮ್ಮಜ್ಜಿ."

ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ನಾನು ಅಜ್ಜನ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಆಮೇಲೆ ಅವರಿಬ್ಬರಿಗೂ ವಾದ ಹತ್ತಿತು. "ಇಲ್ಲಿ ಎಲ್ಲರ ಚಾರ್ಟಿನಲ್ಲೂ ಮಣ್ಣಾಗುತ್ತೆ ಅಂತ ಬರೆದಿದೆ. ನಿಜವಾಗ್ಲೂ ಕರಗಿ ತೋರಿಸಿದ್ದು ಇದೊಂದೇ" ಅಂದರು ಮೇಡಂ. "ಕರಗೋದು ಸರಿ ಮೇಡಂ, ಕಾಫಿ ಲೋಟ ಅಂದ್ಮೇಲೆ ಕಾಫಿ ನಿಲ್ಬೇಕಲ್ಲ. ನಮ್ಮ ಆಳುಗಳ ಕೈಗೆ ಕೊಟ್ರೆ ಕುಡಿಯೋ ಮೊದ್ಲೇ ಕಾಲ ಮೇಲೆ" ಅಂದರು ಮಾಲೀಕರು. ಮೇಡಂ ಹೇಳಿದಾಗ ಅದು ಸರಿ ಅನ್ನಿಸುತ್ತಿತ್ತು, ತಲೆ ಆಡಿಸುತ್ತಿದ್ದೆ. ಮಾಲೀಕರು ಹೇಳಿದಾಗ ಅದೂ ಸರಿ. ಅದಕ್ಕೂ ಆಡಿಸುತ್ತಿದ್ದೆ. ಸಿಂಚನ ನನ್ನ ಕೈ ಹಿಡಿದು ಮೆಲ್ಲಗೆ ಅದುಮಿದಳು, ಸುಮ್ಮನಿರಿ ಅಂತ.

ಕೊನೆಗೆ ಅವರು ಹೇಳಿದ್ದು ಇಷ್ಟು. ಈಗ ಪಾಸೂ ಇಲ್ಲ, ಫೇಲೂ ಇಲ್ಲ. ಮಳೆಗಾಲ ಹಿಡಿಯುವುದರೊಳಗೆ ಇನ್ನೊಂದು ಲೋಟ ಮಾಡಬೇಕು. ಅದರಲ್ಲಿ ಒಬ್ಬ ಮನುಷ್ಯ ಬಿಸಿ ಕಾಫಿ ಪೂರ್ತಿ ಕುಡಿದು ಮುಗಿಸಬೇಕು. ಆಮೇಲೆ ಅದೇ ಲೋಟ ಮಣ್ಣಿನಲ್ಲಿ ಮಣ್ಣಾಗಿ ತೋರಿಸಬೇಕು. ಬೇರೆ ಲೋಟ ಆಗುವುದಿಲ್ಲ. ಕುಡಿದದ್ದೇ ಆಗಬೇಕು.

ಸಂಜೆ ಮನೆಗೆ ಬರುವ ಹೊತ್ತಿಗೆ ಮಳೆ ಬಿತ್ತು. ಬಸ್ಸಿನಲ್ಲಿ ಜನ ಕಿಟಕಿಯಿಂದ ಕೈ ಹೊರಗೆ ಚಾಚಿ ಒದ್ದೆ ಮಾಡಿಕೊಂಡರು. ರುದ್ರೇಶ ಅಂಗಡಿ ಬೇಗ ಮುಚ್ಚಿ ಮನೆ ಬಾಗಿಲಲ್ಲೇ ಕಾದಿದ್ದ.

"ಪಾಸಾ, ಫೇಲಾ?"

"ಎರಡೂ ಅಲ್ಲ ಅಪ್ಪ."

"ಹಾಗಂದ್ರೆ ಎಂತದು?"

ಮಗಳ ಮಾತು ಕೇಳಿ ಕೇಳಿ ಪಳಗಿದ ಗಿರಿಜ ಒಳಗಿನಿಂದ ಹೇಳಿದಳು. "ಕಾನ್ಸೆಪ್ಟು ಇರ್ಬೇಕು."

ಮಾರನೆಯ ದಿನ ಸಿಂಚನ ಅಂಗಡಿಗೆ ಹೋದಳು. ಗಲ್ಲಾದ ಮೇಲೆ ಕೂರುವುದಕ್ಕಲ್ಲ. ಹೊಟ್ಟಿನ ಚೀಲ ಹೊತ್ತುಕೊಂಡು. ಅಟ್ಟದ ಮೇಲೆ ಟಾರ್ಪಾಲಿನ ಕಟ್ಟು ಸರಿಸಿ ಜಾಗ ಮಾಡಿಕೊಂಡಳು. ಹಳೆ ಅಚ್ಚಿಗೆ ಹಿಟ್ಟು ಅಂಟಿ ಬಿರಿಯುತ್ತಿತ್ತಲ್ಲ, ಅದಕ್ಕೆ ಈ ಸಲ ಅಪ್ಪನ ಅಂಗಡಿಯ ಪ್ಲಾಸ್ಟಿಕ್ ಮಗ್ಗುಗಳನ್ನೇ ಅಚ್ಚು ಮಾಡಿಕೊಂಡಳು. ಪ್ಲಾಸ್ಟಿಕ್ಕಿಗೆ ಏನೂ ಅಂಟುವುದಿಲ್ಲವಂತೆ.

"ಅಂದ್ರೆ ನನ್ನ ಪ್ಲಾಸ್ಟಿಕ್ ಇಲ್ದೆ ನಿನ್ನ ಲೋಟ ಇಲ್ಲ" ಅಂದ ರುದ್ರೇಶ.

"ಸದ್ಯಕ್ಕೆ ಇಲ್ಲ" ಅಂದಳು.

ಇದು ಯಾರ ಗೆಲುವು? ನನಗೆ ಇವತ್ತಿಗೂ ಗೊತ್ತಾಗಿಲ್ಲ. ರುದ್ರೇಶನಿಗೂ ಗೊತ್ತಾಗಿಲ್ಲ ಅನ್ನಿಸುತ್ತದೆ. ಗಿರಾಕಿಗಳು ಬಂದು "ಏನ್ ಸಾವ್ಕಾರ್ರೆ, ಅಟ್ಟದ ಮೇಲೆ ಹೊಗೆ?" ಅಂದರೆ, "ನನ್ನ ವ್ಯಾಪಾರ ಮುಚ್ಚೋಕೆ ಮಗಳು ಮಿಷನ್ ಹಾಕ್ತಿದ್ದಾಳೆ" ಅನ್ನುತ್ತಾನೆ. ಹೇಳುವಾಗ ಮೀಸೆ ಅಡಿ ನಗು ಇರುತ್ತದೆ.

ಈ ಸಲ ಜೇನುಮೇಣ ಬಿಟ್ಟಳು. ಬಿಸಿಗೆ ಕರಗುತ್ತದೆ ಅಂತ ನನ್ನ ಒಲೆಯೇ ತೋರಿಸಿತ್ತಲ್ಲ. ಕಾಲೇಜಿನ ಮೇಷ್ಟ್ರನ್ನು ಕೇಳಿ, ಧೂಪದ ಮರದ ಅಂಟು ಕಾಯಿಸಿ ಒಳಗೆ ಸವರಿದಳು. ಕುಡಿದು ನೋಡುವ ಕೆಲಸ ನನಗೆ. ಮಧ್ಯಾಹ್ನದ ಕಾಫಿ ದಿನಾ ಹೊಸ ಲೋಟದಲ್ಲಿ. ಒಂದು ಸೋರಿ ಸೀರೆ ಹಾಳಾಯಿತು. ಒಂದು ತುಟಿಗೆ ಇಟ್ಟ ಕೂಡಲೇ ಅಂಚು ಬಾಯಿಗೆ ಬಂತು, ಬಿಸ್ಕತ್ತು ಅಂದುಕೊಂಡು ನುಂಗಿಬಿಟ್ಟೆ. ಒಂದರಲ್ಲಿ ಧೂಪ ಜಾಸ್ತಿಯಾಗಿ ಕಾಫಿ ಕುಡಿದರೆ ಮಂಗಳಾರತಿ ಮುಗಿಸಿದ ಹಾಗಿತ್ತು. ಗಿರಿಜ ಅಡಿಗೊಂದು ತಟ್ಟೆ ಹಿಡಿದು ಕಾಯುತ್ತಿದ್ದಳು.

ಒಂದು ದಿನ ತಟ್ಟೆ ಬೇಕಾಗಲಿಲ್ಲ.

ಮೊದಲ ಗುಟುಕು ಕುಡಿದೆ, ನಿಂತಿತು. ಅರ್ಧ ಕುಡಿದೆ, ನಿಂತಿತು. ರುದ್ರೇಶ ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ. ಸಿಂಚನ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು. ತಳದ ಗಸಿ ತನಕ ಕುಡಿದು ಲೋಟ ಬೋರಲು ಹಾಕಿ ತೋರಿಸಿದೆ. ಒಂದು ಹನಿ ಬೀಳಲಿಲ್ಲ.

"ಸಕ್ಕರೆ ಕಮ್ಮಿ" ಅಂದೆ.

ಸಿಂಚನ ಲೋಟ ತೆಗೆದುಕೊಂಡು ಹೋದಳು. ಸಂಜೆ ವಾಪಸು ತಂದು ನನ್ನ ಅಂಗೈ ಮೇಲಿಟ್ಟಳು. ಪಕ್ಕೆಯ ಮೇಲೆ, ಕಾದ ಸೂಜಿಯಲ್ಲಿ, ಪಾತ್ರೆ ಅಂಗಡಿಯವನ ಹಾಗೇ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದಳು.

ಹಾಲಮ್ಮ.

ನನ್ನ ಹೆಸರು. ಅವತ್ತು ಕೇಳಿದ್ದೆನಲ್ಲ, ಹೆಸರೆಲ್ಲಿ ಹಾಕಿಸೋದು ಅಂತ. ಆಗ ನಾನು ಕೇಳಿದ್ದು ನನ್ನ ಹೆಸರಿನ ವಿಷಯವಾಗಿ ಅಲ್ಲ. ನಮ್ಮ ಮನೆಯ ಅಷ್ಟೂ ಪಾತ್ರೆ ನೆನಪು ಮಾಡಿಕೊಂಡೆ. ಕೊಳಗ, ಪರಾತ, ಹಂಡೆ, ಲೋಟ. ಮಾವನವರದ್ದು, ಭಾವನವರದ್ದು, ಯಜಮಾನರದ್ದು. ದಿನಾ ತಿಕ್ಕಿದ್ದು ನಾನು. ನನ್ನ ಹೆಸರಿನದು ಒಂದೂ ಇರಲಿಲ್ಲ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಚೆನ್ನಾಗಿದೆ" ಅಂದೆ.

"ಹಾಗಾದ್ರೆ ನಾಳೆ ಹೂಳೋಣ ಅಜ್ಜಿ" ಅಂದಳು.

ಮರೆತಿದ್ದೆ. ಕುಡಿದ ಲೋಟವೇ ಮಣ್ಣಾಗಬೇಕಲ್ಲ. ಇದು ಮಣ್ಣಾದರೆ ಅವಳು ಪಾಸು. ಆಗದಿದ್ದರೆ ಗಲ್ಲಾ. ನಾನು ಇದನ್ನು ಎತ್ತಿಟ್ಟುಕೊಂಡರೂ ಗಲ್ಲಾ.

ಮಾರನೆಯ ದಿನ ಹಿತ್ತಿಲಲ್ಲಿ ಕರಿಬೇವಿನ ಗಿಡದ ಪಕ್ಕ ಗುಂಡಿ ತೆಗೆದು ಕೂತೆ. ಕೂತೇ ಇದ್ದೆ. ಲೋಟ ಮಡಿಲಲ್ಲಿತ್ತು. ಗಿರಿಜ ಎರಡು ಸಲ ಬಾಗಿಲಿಗೆ ಬಂದು ಹೋದಳು. ಮೂರನೇ ಸಲ ಬಂದಾಗ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಅತ್ತೆ, ಹೂಳ್ತೀರೋ, ಪೂಜೆ ಮಾಡ್ತೀರೋ?"

ನಮ್ಮ ಜನದಲ್ಲಿ ಹೋದವರನ್ನು ಸುಡುವುದಿಲ್ಲ, ಮಕ್ಕಳೇ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣಿಗೆ ಕೊಡುತ್ತೇವೆ. ನಿಮ್ಮ ಅಜ್ಜನನ್ನೂ ಹಾಗೇ ಕೊಟ್ಟಿದ್ದು. ಮಣ್ಣಿಗೆ ಕೊಡುವುದು ನನಗೆ ಹೊಸದಲ್ಲ. ಕೊಟ್ಟು ಬಂದ ಮೇಲೆ ಮನೆಯಲ್ಲಿ ಲೋಟ ಉಳಿದಿರುತ್ತದೆ, ಅದನ್ನು ತೊಳೆದು ಇಟ್ಟುಕೊಳ್ಳಬೇಕು, ಅದೂ ಗೊತ್ತು. ಲೋಟವನ್ನೇ ಕೊಟ್ಟು ನಾನು ಉಳಿಯುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಸಿಂಚನ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಅವಸರ ಮಾಡಲಿಲ್ಲ. ಫೋನನ್ನೂ ತೆಗೆಯಲಿಲ್ಲ.

ವಿಭೂತಿಯ ಮೂರು ಗೆರೆ ಎಳೆದೆ. ಬರಿದಾಗಿ ಕಳಿಸಬಾರದು ಅಂತ ಒಂದು ಚಿಟಿಕೆ ಅಕ್ಕಿ ಹಾಕಿದೆ. ಗುಂಡಿಯಲ್ಲಿ ಕೂರಿಸಿದೆ. ಆಗ ಅವಳು ಮೆಲ್ಲಗೆ ಫೋನು ತೆಗೆದು ಹೇಳಿದಳು. "ಅಜ್ಜಿ, ಸ್ವಲ್ಪ ಈ ಕಡೆ ತಿರುಗ್ಸಿ. ಹೆಸರು ಕಾಣ್ಲಿ."

ತಿರುಗಿಸಿದೆ. ಮಣ್ಣು ಎಳೆದೆ. ಮೊದಲು ಹಾ ಹೋಯಿತು, ಆಮೇಲೆ ಲ, ಆಮೇಲೆ ಮ್ಮ.

ಈಗ ದಿನಾ ಅಕ್ಕಿ ತೊಳೆದ ನೀರನ್ನು ಅಲ್ಲಿಗೇ ಹಾಕುತ್ತೇನೆ. ಬೇಗ ಮಣ್ಣಾಗಲಿ ಅಂತ, ಮೊಮ್ಮಗಳು ಪಾಸಾಗಲಿ ಅಂತ. ಹಾಕುವಾಗ ಕೈ ಒಂದೊಂದು ದಿನ ಹಿಂದೆಗೆಯುತ್ತದೆ. ಇನ್ನೊಂದು ವಾರಕ್ಕೆ ಅವಳು ತೆಗೆದು ನೋಡುತ್ತಾಳೆ. ಅಷ್ಟರೊಳಗೆ ನನಗೆ ಅವಳಿಂದ ಒಂದು ಉತ್ತರ ಬೇಕು.

ಮಣ್ಣಿಗೆ ಹೋಗುವುದಕ್ಕೆ ಅಂತಲೇ ಮಾಡಿದ ಲೋಟಕ್ಕೆ, ಹೆಸರು ಯಾಕೆ ಬರೆದೆ ಮಗ?